ದೊಡ್ಡ ಫೋರ್ ವೀಲ್ ಡ್ರೈವ್ ವಾಹನ: ದಿನಬಳಕೆಯಲ್ಲಿ ಎದುರಾಗುವ ತೊಂದರೆಗಳೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಯಸ್ಸಾದ ತಂದೆ-ತಾಯಿ ಮತ್ತು ಇಬ್ಬರು ಮಕ್ಕಳೂ ಸೇರಿ ನಮ್ಮ ಮನೆಯಲ್ಲಿ ಆರು ಜನರಿದ್ದೇವೆ. ಈಗಿರುವ ಸಣ್ಣ ಕಾರು ಸಾಲದೆ, ಏಳು ಆಸನಗಳ ದೊಡ್ಡ ಫೋರ್ ವೀಲ್ ಡ್ರೈವ್ ವಾಹನವೊಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದೇವೆ. ವರ್ಷಕ್ಕೆ ಒಂದೆರಡು ಬಾರಿ ಬೆಟ್ಟದ ಕಚ್ಚಾ ರಸ್ತೆಗಳಲ್ಲಿ ಹೋಗುವುದುಂಟು. ಉಳಿದ ದಿನಗಳಲ್ಲಿ ಕಚೇರಿ, ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಿಗಷ್ಟೇ ನಮ್ಮ ಓಡಾಟ. ಇಂತಹ ವಾಹನಗಳ ಶಕ್ತಿ, ಗಾಂಭೀರ್ಯ, ಕೆಸರಿನಲ್ಲಿ ಸಾಗುವ ಸಾಮರ್ಥ್ಯ ಇವುಗಳ ಕುರಿತು ಬೇಕಾದಷ್ಟು ಓದಿದ್ದೇನೆ. ಆದರೆ ಅವನ್ನು ದಿನವೂ ಬಳಸುವವರಿಗೆ ಯಾವ ಯಾವ ತೊಂದರೆಗಳು ಎದುರಾಗುತ್ತವೆ ಎಂಬುದನ್ನು ವಿವರವಾಗಿ ಬರೆದವರು ಕಡಿಮೆ. ಇಂಧನ ಹೆಚ್ಚು ಬೇಕಾಗುತ್ತದೆ ಎಂಬುದು ತಿಳಿದಿದೆ. ಅದನ್ನು ಬಿಟ್ಟು ನಾವು ಮೊದಲೇ ಅರಿತಿರಬೇಕಾದ ಸಂಗತಿಗಳೇನು? ಸುರಕ್ಷತೆಗೆ ದೊಡ್ಡ ವಾಹನವೇ ಮೇಲು ಎಂಬ ಮಾತು ಎಷ್ಟರಮಟ್ಟಿಗೆ ನಿಜ? ಬಳಸಿದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಾನು ಇಂತಹ ವಾಹನವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಆದರೂ ನೀವು ವಿವರಿಸಿದ ಬಳಕೆಯನ್ನು ನೋಡಿದರೆ ಕೆಲವು ಮಾತುಗಳನ್ನು ಹೇಳಲೇಬೇಕು.

ಮೊದಲನೆಯದು ನಿಲುಗಡೆ. ಈ ವರ್ಗದ ವಾಹನಗಳು ಸಾಮಾನ್ಯವಾಗಿ 4.8ರಿಂದ 5 ಮೀಟರ್ ಉದ್ದವೂ, ಕನ್ನಡಿಗಳನ್ನು ಬಿಟ್ಟು 1.9 ಮೀಟರಿನ ಆಸುಪಾಸು ಅಗಲವೂ ಇರುತ್ತವೆ. ನಿಲುಗಡೆಯ ಅಂಕಣ 2.5 ಮೀಟರ್ ಅಗಲವಿದ್ದರೆ ಎರಡೂ ಬದಿಗೆ ಸೇರಿ ಉಳಿಯುವುದು 60 ಸೆಂಟಿಮೀಟರ್ ಮಾತ್ರ. ಆ ಸಂದಿಯಲ್ಲಿ ದಪ್ಪನೆಯ ಬಾಗಿಲನ್ನು ಅರ್ಧ ತೆರೆದು, ಎತ್ತರದ ಆಸನದಿಂದ ಜಾರಿಕೊಂಡು ಇಳಿಯುವುದು ಹರೆಯದವರಿಗೇ ಕಷ್ಟವೆಂದ ಮೇಲೆ, ಮಂಡಿನೋವಿರುವ ಹಿರಿಯರ ಪಾಡನ್ನು ನೀವೇ ಊಹಿಸಬಹುದು. ನಾನಂತೂ ಮನೆಯವರನ್ನು ಹೊರಗೆ ಇಳಿಸಿದ ನಂತರವೇ ವಾಹನವನ್ನು ಒಳಗೆ ನಿಲ್ಲಿಸುತ್ತೇನೆ. ಇನ್ನು ನೆಲಮಾಳಿಗೆಯ ನಿಲ್ದಾಣಗಳಲ್ಲಿ ಚಾವಣಿಯ ಎತ್ತರವನ್ನು ಗಮನಿಸದೆ ಮುಂದುವರಿಯುವಂತಿಲ್ಲ. ಅನೇಕ ಕಡೆ ಮಿತಿ 2 ಮೀಟರಿನ ಆಸುಪಾಸಿನಲ್ಲಿರುವುದರಿಂದ, ಬರಿಯ ವಾಹನ ನುಸುಳಿದರೂ ಮೇಲೆ ಸಾಮಾನಿನ ಕ್ಯಾರಿಯರ್ ಕೂರಿಸಿದ್ದರೆ ಹಿಂದಿರುಗಬೇಕಾಗುತ್ತದೆ.

ಸಣ್ಣ ಕಾರು ಸುಮಾರು 10 ಮೀಟರ್ ವ್ಯಾಸದಲ್ಲಿ ತಿರುಗಿದರೆ ಇದಕ್ಕೆ 12 ಮೀಟರ್ ಬೇಕು. ಒಮ್ಮೆಗೇ ತಿರುಗಿಸಬಹುದಾಗಿದ್ದ ಜಾಗದಲ್ಲಿ ಹಿಂದೆ ಮುಂದೆ ಮಾಡುತ್ತ, ಹಿಂದಿನವರ ಹಾರ್ನ್ ಕೇಳುತ್ತ ಬೆವರುವುದು ಕಿರಿದಾದ ಬೀದಿಗಳಲ್ಲಿ ನಿತ್ಯದ ಸಂಗತಿ.

ನಿಮಗೆ ಮುಖ್ಯವಾಗಬಹುದಾದದ್ದು ಮೂರನೇ ಸಾಲಿನ ಆಸನ. ಬಲವಾದ ಷಾಸಿಯ, ಅಂದರೆ ಉಕ್ಕಿನ ಅಡಿಚೌಕಟ್ಟಿನ, ಮೇಲೆ ಬಾಡಿಯನ್ನು ಕೂರಿಸಿದ ವಾಹನಗಳಲ್ಲಿ ಒಳಗಿನ ನೆಲ ಎತ್ತರದಲ್ಲಿರುತ್ತದೆ, ಆಸನ ಮಾತ್ರ ತಗ್ಗಿನಲ್ಲಿರುತ್ತದೆ; ಹಾಗಾಗಿ ಕೂತವರ ಮಂಡಿಗಳು ಎದೆಯ ಕಡೆಗೆ ಏರುತ್ತವೆ. ಮಕ್ಕಳು ಹೇಗೋ ಹೊಂದಿಕೊಂಡಾರು, ದೊಡ್ಡವರಿಗೆ ದೂರದ ಪ್ರಯಾಣ ಹಿಂಸೆಯೇ ಸರಿ. ಆ ಸಾಲನ್ನು ಬಳಸಿದಾಗ ಡಿಕ್ಕಿಯಲ್ಲಿ ಎರಡು ಚೀಲಗಳಿಗಿಂತ ಹೆಚ್ಚು ಹಿಡಿಸುವುದೂ ಕಷ್ಟ. ಹೊರಗಿನಿಂದ ಅಷ್ಟು ಭಾರಿಯಾಗಿ ಕಾಣುವ ವಾಹನದ ಒಳಗೆ ಇಷ್ಟು ಕಡಿಮೆ ಜಾಗವಿರುವುದನ್ನು ಕೊಳ್ಳುವ ಮೊದಲು ಹೆಚ್ಚಿನವರು ಗಮನಿಸುವುದಿಲ್ಲ.

ಉತ್ತರ 2

ನಾನು ವಾಹನ ದುರಸ್ತಿಯ ವೃತ್ತಿಯಲ್ಲಿರುವವನು. ಮೇಲಿನವರು ಹೊರಗಿನಿಂದ ಕಾಣುವುದನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಕೆಳಗಿರುವ ಯಂತ್ರಭಾಗಗಳ ಬಗ್ಗೆ ಹೇಳುತ್ತೇನೆ.

ಬಹಳಷ್ಟು ಮಾಲೀಕರಲ್ಲಿ ಒಂದು ತಪ್ಪು ಕಲ್ಪನೆ ಇದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ದೊರೆಯುವ ವಾಹನ ಎಲ್ಲ ರಸ್ತೆಗಳಲ್ಲೂ ಹೆಚ್ಚು ಹಿಡಿತದಿಂದ ಓಡುತ್ತದೆ ಎಂದು ಅವರು ನಂಬುತ್ತಾರೆ. ಆದರೆ ಲಿವರ್ ಅಥವಾ ಗುಬುಟಿನ ಮೂಲಕ ಬೇಕೆಂದಾಗ ಮಾತ್ರ ತೊಡಗಿಸುವ ಬಗೆಯ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ, ಆದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ವೇಗಕ್ಕೆ ಬಿಗಿದುಕೊಂಡಿರುತ್ತವೆ. ಕೆಸರಿನಲ್ಲಿ, ಮರಳಿನಲ್ಲಿ ಚಕ್ರಗಳು ಸ್ವಲ್ಪ ಜಾರಿ ಆ ಒತ್ತಡ ಇಳಿಯುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲ, ಹಾಗಾಗಿ ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರುಗಳು ಬೇಗ ಸವೆಯುತ್ತವೆ ಮತ್ತು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಇಂತಹ ವಾಹನವನ್ನು ದಿನನಿತ್ಯ ಎರಡು ಚಕ್ರಗಳ ಚಾಲನೆಯಲ್ಲೇ ಓಡಿಸಬೇಕು. ಅಂದರೆ ನೀವು ಹಣ ಕೊಟ್ಟು ಕೊಂಡ ಆ ವಿಶೇಷ ಭಾಗಗಳನ್ನೆಲ್ಲ ಕಚೇರಿಗೂ ಶಾಲೆಗೂ ಬರಿಯ ಹೊರೆಯಾಗಿ ಹೊತ್ತುಕೊಂಡು ಹೋಗುತ್ತೀರಿ.

ಬಳಸದೆ ಬಿಟ್ಟರೂ ಅವು ಸುಮ್ಮನಿರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಸಡಿಲ ಮಣ್ಣಿನ ಅಥವಾ ಒದ್ದೆಯಾದ ದಾರಿಯಲ್ಲಿ ಕೆಲವು ಕಿಲೋಮೀಟರ್ ತೊಡಗಿಸದಿದ್ದರೆ ತೈಲ ಎಲ್ಲ ಕಡೆ ಹರಡದೆ ಭಾಗಗಳು ಬಿಗಿದುಕೊಳ್ಳುವುದುಂಟು. ಎಷ್ಟೋ ವಾಹನಗಳಲ್ಲಿ, ನಿಜವಾಗಿ ಕೆಸರಿನಲ್ಲಿ ಸಿಕ್ಕಿಕೊಂಡ ದಿನವೇ ಮುಂದಿನ ಚಕ್ರಗಳು ತೊಡಗದೆ ಹೋದುದನ್ನು ನಾನು ಕಂಡಿದ್ದೇನೆ. ಎಂಜಿನ್ ತೈಲದ ಜೊತೆಗೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಇವುಗಳ ತೈಲಗಳನ್ನೂ ಅವಧಿಗೆ ಸರಿಯಾಗಿ ಬದಲಿಸಬೇಕು. ಸರ್ವೀಸ್‌ಗೆ ಬಿಟ್ಟಾಗ ಇವುಗಳನ್ನು ಕೇಳಿ ಖಚಿತಪಡಿಸಿಕೊಳ್ಳಿ, ಏಕೆಂದರೆ ತರಾತುರಿಯಲ್ಲಿ ಮೊದಲು ಬಿಟ್ಟುಹೋಗುವುದು ಇವೇ.

ಟೈರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವ್ಯವಸ್ಥೆಯಲ್ಲಿ ನಾಲ್ಕು ಟೈರುಗಳ ಸವೆತವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು ಟೈರು ಸೀಳಿಹೋದರೆ ಅದೊಂದನ್ನೇ ಬದಲಿಸುವಂತಿಲ್ಲ. ವ್ಯಾಸದಲ್ಲಿ ವ್ಯತ್ಯಾಸವಾದಾಗ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಸ್ಟೆಪ್ನಿ ಚಕ್ರವೇ ಸುಮಾರು 30 ಕಿಲೋ ತೂಗುವುದರಿಂದ, ದಾರಿಯಲ್ಲಿ ಪಂಕ್ಚರ್ ಆದರೆ ಒಬ್ಬರೇ ಎತ್ತಿ ಕೂರಿಸುವುದು ಸುಲಭವಲ್ಲ. ಕೆಟ್ಟು ನಿಂತಾಗ ಎರಡು ಚಕ್ರಗಳನ್ನಷ್ಟೇ ಮೇಲೆತ್ತಿ ಎಳೆದೊಯ್ಯುವುದು ಇಂತಹ ಅನೇಕ ವಾಹನಗಳಿಗೆ ನಿಷಿದ್ಧ. ಇಡೀ ವಾಹನವನ್ನು ಹೊರುವ ಲಾರಿಯೇ ಬರಬೇಕು.

ಡೀಸೆಲ್ ಎಂಜಿನ್ ಆಯ್ದರೆ ಕೊನೆಯದಾಗಿ ಒಂದು ಎಚ್ಚರಿಕೆ. ಹೊಗೆನಳಿಗೆಯಲ್ಲಿರುವ ಮಸಿ ಸೋಸುವ ಫಿಲ್ಟರ್ ತನ್ನಲ್ಲಿ ಸೇರಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುತ್ತದೆ, ಆ ಶಾಖ ಸಾಕಷ್ಟು ಹೊತ್ತು ಉಳಿಯಲೂಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಎಂಬಂತಹ ತುಂಡು ಓಡಾಟದಲ್ಲಿ ಸುಡುವ ಕ್ರಿಯೆ ಅರ್ಧಕ್ಕೇ ನಿಂತು ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಉತ್ತರ 3

ಸುರಕ್ಷತೆಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಹಗುರವಾದ ವಾಹನದೊಂದಿಗೆ ಡಿಕ್ಕಿಯಾದಾಗ ಭಾರವಾದ ವಾಹನದ ಒಳಗಿರುವವರಿಗೆ ರಕ್ಷಣೆ ಹೆಚ್ಚು ಎಂಬುದು ನಿಜ. ಆದರೆ ಫೋರ್ ವೀಲ್ ಡ್ರೈವ್ ಇರುವುದರಿಂದ ವಾಹನ ಬೇಗ ನಿಲ್ಲುತ್ತದೆ ಎಂಬುದು ನಿಜವಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. 1,100 ಕಿಲೋ ತೂಗುವ ಕಾರಿಗಿಂತ 2,200 ಕಿಲೋ ತೂಗುವ ವಾಹನ ಅದೇ ವೇಗದಲ್ಲಿ ಎರಡರಷ್ಟು ಚಲನಶಕ್ತಿ ಹೊಂದಿರುತ್ತದೆ, ನಿಲ್ಲಿಸುವಾಗ ಆ ಶಕ್ತಿಯನ್ನೆಲ್ಲ ಬ್ರೇಕುಗಳೇ ನುಂಗಬೇಕು. ಜಾರುವ ರಸ್ತೆಯಲ್ಲಿ ಸಲೀಸಾಗಿ ಹೊರಡುವ ವಾಹನವು ಚಾಲಕನಲ್ಲಿ ಹುಸಿ ಧೈರ್ಯ ತುಂಬುತ್ತದೆ. ಆ ಧೈರ್ಯಕ್ಕೆ ಆಧಾರವಿಲ್ಲವೆಂಬುದು ನಿಲ್ಲಿಸುವ ಹೊತ್ತಿಗೆ ತಿಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ವಾಹನದ ಹೊರಗಿರುವವರ ಸುರಕ್ಷತೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಬಾನೆಟ್ಟಿನ ಮುಂಚೂಣಿ 40 ಇಂಚಿಗಿಂತ ಎತ್ತರವಿರುವ ವಾಹನಗಳು ಗುದ್ದಿದಾಗ ಪಾದಚಾರಿ ಸಾಯುವ ಸಾಧ್ಯತೆ, 30 ಇಂಚು ಅಥವಾ ಅದಕ್ಕೂ ತಗ್ಗಾದ, ಇಳಿಜಾರಿನ ಮೂತಿಯಿರುವ ವಾಹನಗಳಿಗೆ ಹೋಲಿಸಿದರೆ ಸುಮಾರು ಶೇ 45ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಎತ್ತರದ ಬಾನೆಟ್ಟಿನ ಮುಂದೆ ನಿಂತ ಪುಟ್ಟ ಮಗು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಮನೆಯಲ್ಲಿ ಮಕ್ಕಳಿರುವುದರಿಂದಲೂ, ಶಾಲೆಯ ಬಾಗಿಲಲ್ಲಿ ಪ್ರತಿದಿನ ವಾಹನ ನಿಲ್ಲಿಸಬೇಕಿರುವುದರಿಂದಲೂ ಇದನ್ನು ಮೈಲೇಜಿಗಿಂತ ಮುಂಚೆ ಯೋಚಿಸಿರೆಂದು ಕೇಳಿಕೊಳ್ಳುತ್ತೇನೆ. ಹಿಂಬದಿಯ ಕ್ಯಾಮೆರಾದಂತೆ ಮುಂಬದಿಗೂ ಕ್ಯಾಮೆರಾ ಇರುವುದನ್ನೇ ಆರಿಸಿಕೊಳ್ಳಿ.

ಉತ್ತರ 4

ಮೇಲಿನವರ ಮಾತುಗಳನ್ನು ಅಲ್ಲಗಳೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ಮನೆಯಂಗಳಕ್ಕೇ ಕೆಸರು ತುಂಬುವ, ಕಡಿದಾದ ಏರಿನ ಕೊನೆಯಲ್ಲಿ ಮನೆಯಿರುವ ನನ್ನಂತಹವರಿಗೆ ಈ ತೊಂದರೆಗಳೆಲ್ಲ ಸಹಿಸತಕ್ಕವೇ. ನಿಧಾನವಾಗಿ, ಹೆಚ್ಚು ಎಳೆತದಿಂದ ಸಾಗಲು ನೆರವಾಗುವ ಲೋ ರೇಂಜ್ ಗೇರು ಇಲ್ಲದ ವಾಹನದಲ್ಲಿ ತುರ್ತು ಹೊತ್ತಿನಲ್ಲಿ ರೋಗಿಯನ್ನು ಕರೆದೊಯ್ಯುವುದು ನಮಗೆ ಸಾಧ್ಯವೇ ಇಲ್ಲ. ಅಗತ್ಯ ನಿತ್ಯದ್ದಾಗಿದ್ದರೆ ಕೊಳ್ಳಿ, ವರ್ಷಕ್ಕೆ ಒಂದೆರಡು ಪ್ರಯಾಣಕ್ಕಾದರೆ ಆ ದಿನಗಳಿಗೆ ಬಾಡಿಗೆಗೆ ಪಡೆಯುವುದು ಒಳಿತು.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಷಾಸಿ ಪ್ರತ್ಯೇಕವಾಗಿರದ, ಮುಂದಿನ ಚಕ್ರಗಳಿಂದ ಓಡುವ ಏಳು ಆಸನಗಳ ವಾಹನವನ್ನು ನೋಡಬಹುದೇ? ಅದು ಬೆಟ್ಟದ ಕಚ್ಚಾ ರಸ್ತೆಗೆ ಸಾಕಾಗುತ್ತದೆಯೇ?

ಉತ್ತರ 2ನ್ನು ಬರೆದವರಿಂದ

ಆಳವಾದ ಕೆಸರು, ಬಂಡೆಗಳು ಇಲ್ಲದಿದ್ದರೆ ಧಾರಾಳವಾಗಿ ಸಾಕು. ಕಚ್ಚಾ ರಸ್ತೆಯಲ್ಲಿ ಹೆಚ್ಚಿನ ಸಲ ಅಡ್ಡಿಯಾಗುವುದು ಚಾಲನೆಯ ಬಗೆಗಿಂತ ನೆಲದಿಂದ ವಾಹನದ ತಳಕ್ಕಿರುವ ಅಂತರ ಮತ್ತು ಸವೆದ ಟೈರು. ಪೂರ್ಣ ಹೊರೆ ಹೇರಿದಾಗ ಆ ಅಂತರ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಪರೀಕ್ಷಾರ್ಥ ಚಾಲನೆಗೆ ಒಬ್ಬರೇ ಹೋಗದೆ ಮನೆಯವರನ್ನೆಲ್ಲ ಕರೆದೊಯ್ಯಿರಿ, ತಂದೆ-ತಾಯಿಯವರಿಂದ ಎರಡು ಮೂರು ಬಾರಿ ಹತ್ತಿ ಇಳಿಯುವಂತೆ ಮಾಡಿಸಿ. ಮೂರನೇ ಸಾಲಿನಲ್ಲಿ ಜನ ಕುಳಿತಿರುವಾಗಲೇ ಡಿಕ್ಕಿಯ ಬಾಗಿಲು ತೆರೆದು, ಸಾಮಾನ್ಯವಾಗಿ ನೀವು ಒಯ್ಯುವ ಚೀಲಗಳು ಹಿಡಿಸುತ್ತವೆಯೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಿ.