ರೋಬೋಟ್ನಿಕ್ ಬೀನ್ಸ್ ಗೇಮು, ಕರ್ಬಿ ಅವಲಾಂಚ್: ಎರಡೂ ಒಂದೇನಾ?

ಕ್ಯಾಸೆಟ್_ಕಾಲ:
ನಿಂಟೆಂಡೊ ಸ್ವಿಚ್‌ಗೆ ಆನ್‌ಲೈನ್ ಮೆಂಬರ್‌ಶಿಪ್ ತಗೊಂಡ್ಮೇಲೆ ಹಳೇ ಸೇಗಾ, ಸೂಪರ್ ನಿಂಟೆಂಡೊ ಗೇಮ್‌ಗಳನ್ನ ಒಂದೊಂದಾಗಿ ತೆಗೆದು ನೋಡ್ತಾ ಇದೀನಿ. ಸೇಗಾ ಕಡೆ 'ಡಾಕ್ಟರ್ ರೋಬೋಟ್ನಿಕ್ಸ್ ಮೀನ್ ಬೀನ್ ಮಷೀನ್' ಅಂತ ಒಂದಿದೆ, ಮೇಲಿಂದ ಎರಡೆರಡು ಬೀನ್ಸ್ ಬೀಳುತ್ತೆ, ಒಂದೇ ಬಣ್ಣದ್ದು ನಾಲ್ಕು ತಾಗಿದ್ರೆ ಮಾಯ ಆಗುತ್ತೆ. ಸೂಪರ್ ನಿಂಟೆಂಡೊ ಕಡೆ ಹೋದ್ರೆ 'ಕರ್ಬೀಸ್ ಅವಲಾಂಚ್', ಅಲ್ಲೂ ಅದೇ ಎರಡೆರಡು, ಅದೇ ನಾಲ್ಕು, ಅವು ಬೀಳೋ ಬಾವಿ ಅಗಲ ಕೂಡ ಅಷ್ಟೇ! ಆ ಕಾಲದಲ್ಲಿ ಸೇಗಾ ನಿಂಟೆಂಡೊ ಹಾವು ಮುಂಗುಸಿ ಥರ ಇದ್ರಲ್ವಾ, ಒಬ್ರ ಗೇಮ್ ಇನ್ನೊಬ್ರು ಹೆಂಗೆ ಹಾಕಿದ್ರು? ಕಾಪಿ ಹೊಡೆದಿದ್ದಾ?

ಇನ್ನೊಂದು, ಅಕ್ಕನ ಮಗಳು ಜೊತೆಗೆ ಆಡ್ತೀನಿ ಅಂತ ಕೂತಿದ್ದಾಳೆ, ಎರಡರಲ್ಲಿ ಅವಳಿಗೆ ಯಾವ್ದು ಶುರು ಮಾಡ್ಸಲಿ?

ಪಿಕ್ಸೆಲ್_ಪುಟ್ಟಣ್ಣ:
ಕಾಪಿ ಅಲ್ಲ ಗುರು, ಎರಡರ ಒಳಗಿರೋದೂ ಒಂದೇ ಜಪಾನಿ ಗೇಮು. ಹೆಸರು ಪುಯೊ ಪುಯೊ. ಹಿರೋಷಿಮಾದ ಕಂಪೈಲ್ ಅನ್ನೋ ಕಂಪನಿ 1991ರಲ್ಲಿ ಎಂಎಸ್‌ಎಕ್ಸ್ ಕಂಪ್ಯೂಟರ್‌ಗೂ ನಿಂಟೆಂಡೊದ ಫ್ಯಾಮಿಕಾಂ ಡಿಸ್ಕಿಗೂ ಬಿಟ್ಟಿದ್ದು, ಆಗ ಅಷ್ಟೇನೂ ಸದ್ದು ಮಾಡ್ಲಿಲ್ಲ. 1992ರಲ್ಲಿ ಸೇಗಾ ಜೊತೆ ಸೇರಿ ಆರ್ಕೇಡ್ ವರ್ಷನ್ ತಂದ್ರು ನೋಡು, ಇಬ್ರು ಎದುರಾಬದುರು ಕೂತು ಆಡೋ ಥರ, ಅಲ್ಲಿಂದ ಜಪಾನಲ್ಲಿ ಹುಚ್ಚೇ ಹಿಡೀತು. ಕಂಪೈಲ್ ಯಾರ ಜೇಬಲ್ಲೂ ಇರ್ಲಿಲ್ಲ, ಸ್ವತಂತ್ರ ಕಂಪನಿ, ಹಂಗಾಗಿ ಸೇಗಾದ ಮೆಗಾಡ್ರೈವ್‌ಗೂ ಬಂತು, ನಿಂಟೆಂಡೊದ ಸೂಪರ್ ಫ್ಯಾಮಿಕಾಂಗೂ (ಸೂಪರ್ ನಿಂಟೆಂಡೊದ ಜಪಾನಿ ಹೆಸರು) ಬಂತು. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಆದ್ರೆ ಜಪಾನಿನ ಗೇಮಲ್ಲಿ ಸೇಗಾದ ಹೀರೋ ಸೋನಿಕ್ಕೂ ಇಲ್ಲ, ನಿಂಟೆಂಡೊದ ಹೀರೋ ಕರ್ಬಿನೂ ಇಲ್ಲ. ಅದ್ರಲ್ಲಿ ಹೀರೋಯಿನ್ನು ಆರ್ಲೆ ಅನ್ನೋ ಮಂತ್ರವಾದಿ ಹುಡುಗಿ, ಜೊತೇಲಿ ಹಳದಿ ಬಣ್ಣದ ಕಾರ್ಬಂಕಲ್, ಎಲ್ಲ ಕಂಪೈಲ್‌ನೋರ 'ಮಾದೋ ಮೊನೊಗತಾರಿ' ಅನ್ನೋ ಹಳೇ ಆರ್‌ಪಿಜಿ (ಪಾತ್ರ ವಹಿಸಿ ಆಡೋ ಸಾಹಸದ ಗೇಮು) ಇಂದ ಬಂದವ್ರು. ಅಮೆರಿಕದಲ್ಲಿ ಇವ್ರನ್ನ ಯಾರು ಕೇಳ್ತಾರೆ? ಅದ್ಕೆ ಸೇಗಾದೋರು 1993ರಲ್ಲಿ ಮುಖಗಳನ್ನೆಲ್ಲ ಕಿತ್ತು, ಆಗ ತಾನೇ ಟೀವೀಲಿ ಶುರುವಾಗಿದ್ದ ಸೋನಿಕ್ ಕಾರ್ಟೂನ್‌ನ ವಿಲನ್‌ಗಳನ್ನ ಕೂರಿಸಿದ್ರು. ಸ್ಕ್ರಾಚ್, ಗ್ರೌಂಡರ್, ಕೊಕೊನಟ್ಸ್ ಎಲ್ಲ ಅಲ್ಲಿಯವ್ರೇ. ಹದಿಮೂರು ಜನ ಎದುರಾಳಿಗಳು, ಕೊನೇಗೆ ರೋಬೋಟ್ನಿಕ್. ತಮಾಷೆ ಅಂದ್ರೆ ಇಡೀ ಗೇಮಲ್ಲಿ ಸೋನಿಕ್ಕೇ ಇಲ್ಲ!

ಜಪಾನಲ್ಲಿ ಕೊನೇ ಬಾಸ್ ಹೆಸರು ಸೇಟನ್, ಅಂದ್ರೆ ಸಾಕ್ಷಾತ್ ಸೈತಾನ. ಅವನ ಜಾಗದಲ್ಲಿ ಸೇಗಾದಲ್ಲಿ ರೋಬೋಟ್ನಿಕ್, ನಿಂಟೆಂಡೊದಲ್ಲಿ ಕರ್ಬಿಯ ಎದುರಾಳಿ ಕಿಂಗ್ ಡೀಡೀಡೀ. ಕರ್ಬಿ ವರ್ಷನ್ 1995ರದ್ದು, ಯೂರೋಪಲ್ಲಿ ಅದಕ್ಕೇ ಮತ್ತೆ 'ಕರ್ಬೀಸ್ ಘೋಸ್ಟ್ ಟ್ರ್ಯಾಪ್' ಅಂತ ಇನ್ನೊಂದು ಹೆಸರು. ಹಳೇ ಬಸ್ಸಿನ ಚಾಸಿಗೆ ಹೊಸ ಬಾಡಿ ಕಟ್ಟಿಸಿ ಬೇರೆ ರೂಟಿಗೆ ಬಿಟ್ಟಂಗೆ.

ಧಾರವಾಡದ_ಮಂದಿ:
ಎಲ್ಲಾ ಖರೇ ಅದ, ಆದ್ರ ನನಗ ಈ ಬಾಡಿ ಕಟ್ಟೋ ಕೆಲಸಾನ ಸಿಟ್ಟು ಬರಸ್ತದ ನೋಡ್ರಿ. ಆರ್ಲೆ ಎಷ್ಟ್ ಚಂದ ಇದ್ಲು, ಒಬ್ಬೊಬ್ಬ ಎದುರಾಳಿ ಜೋಡಿ ಆಟಕ್ಕ ಮುಂಚೆ ಒಂದ್ ಸಣ್ಣ ಜಗಳ ನಡೀತದ, ಹುಚ್ಚುಚ್ಚಾರ ಮಾತಾಡ್ತಾರ, ಆ ಗೇಮಿನ ಅರ್ಧ ಮಜಾ ಅಲ್ಲೇ ಐತಿ. ರೋಬೋಟ್ನಿಕ್ ವರ್ಷನ್ದಾಗ ಏನೈತ್ರಿ? ನಾವ್ ಯಾರು ಅನ್ನೋದ ಗೊತ್ತಾಗೂದಿಲ್ಲ. ಎದುರಿನವರು ಬಂದು ಒಂದ್ ಡೈಲಾಗ್ ಹೊಡೀತಾರ, ನಾವ್ ಸುಮ್ನ ಆಡಬೇಕು. ಹೀರೋನ ಇಲ್ಲದ ಸಿನಿಮಾ.

ಆರ್ಕೇಡ್ ಪುಯೊ ಪುಯೊಕ್ಕ ಒಂದ್ ಇಂಗ್ಲಿಷ್ ವರ್ಷನ್ ಅದ, ಅದ್ರಾಗ ಆರ್ಲೆನ್ನ ಸಿಲ್ವಾನಾ ಅಂತ ಕರದಾರ. ಹೆಸರು ಬದಲಾದ್ರೂ ಮುಖ ಉಳೀತು, ಅಷ್ಟ್ ಮಾಡಿದ್ರ ಸಾಕಿತ್ತು. ಪಾತ್ರ ಕಿತ್ತು ಒಗದ್ರ ಮುಂದ ಅದ ಸೀರೀಸ್ ಅಲ್ಲಿ ಬೆಳೆಸೂದು ಹೆಂಗ?

ಪಿಕ್ಸೆಲ್_ಪುಟ್ಟಣ್ಣ:
@ಧಾರವಾಡದ_ಮಂದಿ ಸಾರ್ ಬೇಜಾರಾಗ್ಬೇಡಿ, ನಾನು ಒಪ್ಪಲ್ಲ. 1993ರಲ್ಲಿ ಅಮೆರಿಕದ ಅಂಗಡೀಲಿ ಆರ್ಲೆ ಮುಖ ಇರೋ ಡಬ್ಬ ಇಟ್ಟಿದ್ರೆ ಹುಡುಗರು ಪಕ್ಕದ ಡಬ್ಬ ಎತ್ಕೊಂಡು ಹೋಗ್ತಿದ್ರು, ರೋಬೋಟ್ನಿಕ್ ಮೀಸೆ ನೋಡೇ ಜನ ಕೈಗೆ ತಗೊಂಡಿದ್ದು ಅನ್ನೋದು ನನ್ನ ಲೆಕ್ಕ. ಮುಂದೆ ಏನಾಯ್ತು ನೋಡಿ, 1998ರಲ್ಲಿ ಕಂಪೈಲ್ ದುಡ್ಡಿಲ್ದೆ ಕುಸಿದಾಗ ಪುಯೊ ಪುಯೊ ಹಕ್ಕು ಸೇಗಾ ಕೈಗೆ ಬಂತು, ಈಗ ಆರ್ಲೆನೂ ಸೇಗಾ ಆಸ್ತಿ, ಸೋನಿಕ್ಕೂ ಸೇಗಾ ಆಸ್ತಿ. 2017ರಲ್ಲಿ 'ಪುಯೊ ಪುಯೊ ಟೆಟ್ರಿಸ್' ಹೊರದೇಶಕ್ಕೆ ಬಂದಾಗ ಆರ್ಲೆ ತನ್ನ ಹೆಸರಲ್ಲೇ ಬಂದ್ಲಲ್ಲ. ಆದ್ರೆ ನಿಮ್ಮ ಸೇಟನ್ ಮಾತ್ರ ಇಂಗ್ಲಿಷಲ್ಲಿ ಡಾರ್ಕ್ ಪ್ರಿನ್ಸ್ ಆಗೇ ಉಳಿದ.

ಸೋಮಾರಿ_ಶನಿವಾರ:
ವೇಷ ಬದಲಾಯಿಸೋದ್ರಲ್ಲಿ ಇದ್ರ ಅಪ್ಪ ಇದೆ ನಿಂಟೆಂಡೊ ಮನೇಲೇ. 1995ರ 'ಪ್ಯಾನೆಲ್ ಡಿ ಪೋನ್', ಲಿಪ್ ಅನ್ನೋ ಹೂವಿನ ಕಿನ್ನರಿ ಹೀರೋಯಿನ್ನು. ಮರುವರ್ಷ ಅಮೆರಿಕಕ್ಕೆ ಕಳಿಸೋವಾಗ ಕಿನ್ನರೀರನ್ನೆಲ್ಲ ತೆಗೆದು ಮಾರಿಯೋ ಗೇಮ್‌ಗಳ ಡೈನೋಸಾರ್ ಯೋಶಿ ಗ್ಯಾಂಗನ್ನ ತುಂಬಿ 'ಟೆಟ್ರಿಸ್ ಅಟ್ಯಾಕ್' ಅಂತ ಹೆಸರಿಟ್ರು. ಅದ್ರಲ್ಲಿ ಟೆಟ್ರಿಸ್ ಎಲ್ಲಿದೆ ಹೇಳಿ? ಬ್ಲಾಕ್ ಮೇಲಿಂದ ಬೀಳೋದೇ ಇಲ್ಲ, ಕೆಳಗಿಂದ ಮೇಲಕ್ಕೆ ಏರ್ತಾ ಬರುತ್ತೆ, ನಾವು ಅಕ್ಕಪಕ್ಕದ ಎರಡನ್ನ ಅದಲು ಬದಲು ಮಾಡೋದಷ್ಟೇ! ಬಾಡಿಗೆ ಹೆಸರು ಹಾಕ್ಕೊಂಡಿದ್ದು ಆಮೇಲೆ ಕುತ್ತಿಗೆಗೆ ಬಂತು, ಸ್ವಿಚ್‌ನಲ್ಲಿ ಈಗ ಸಿಗೋದು ಜಪಾನಿ ಭಾಷೆಯ ಪ್ಯಾನೆಲ್ ಡಿ ಪೋನೇ, ಟೆಟ್ರಿಸ್ ಅಟ್ಯಾಕ್ ಅಲ್ಲ. ಇನ್ನೂ ಮಜಾ ಅಂದ್ರೆ ಈ ಯೋಶಿ ವೇಷ ವಾಪಸ್ ಜಪಾನಿಗೇ ಹೋಯ್ತು, ಅಲ್ಲಿ ಗೇಮ್‌ಬಾಯ್‌ಗೆ 'ಯೋಶಿ ನೋ ಪಾನೆಪೋನ್' ಅಂತ ಬಿಟ್ರು, ಪಾಪ ಲಿಪ್ ಸ್ವಂತ ಊರಲ್ಲೇ ಕೆಲಸ ಕಳ್ಕೊಂಡ್ಲು.

ಕ್ಯಾಸೆಟ್_ಕಾಲ:
ಅಯ್ಯೋ ಇಷ್ಟೆಲ್ಲ ಇದೆಯಾ, ಥ್ಯಾಂಕ್ಸ್ ಎಲ್ರಿಗೂ. ಒಂದು ಡೌಟು ಉಳೀತು. ಪುಯೊ ಪುಯೊ ಟೆಟ್ರಿಸ್‌ನಲ್ಲಿ ಎದುರಿನವ್ರು ಕಸ (ನಮ್ಮ ಬಾವಿಗೆ ಬಂದು ಬೀಳೋ ಅಡ್ಡಿ ಉಂಡೆಗಳು) ಕಳಿಸಿದ್ರೆ ನಾನು ತಿರುಗಿಸಿ ಒಂದು ಚೈನ್ (ಒಂದು ಗುಂಪು ಹೋದ್ಮೇಲೆ ಅದ್ರಿಂದಲೇ ಇನ್ನೊಂದು ಹೋಗೋದು) ಹೊಡೆದು ಅದನ್ನ ಬೀಳೋಕೆ ಮುಂಚೆನೇ ಕ್ಯಾನ್ಸಲ್ ಮಾಡ್ತಿದ್ದೆ. ಬೀನ್ಸ್ ಗೇಮಲ್ಲಿ ಎಷ್ಟು ಹೊಡೆದ್ರೂ ಕಸ ಬಂದು ಬಿದ್ದೇ ಬೀಳುತ್ತೆ. ಏನಾದ್ರೂ ಸೆಟ್ಟಿಂಗ್ ಇದೆಯಾ?

ಪಿಕ್ಸೆಲ್_ಪುಟ್ಟಣ್ಣ:
ಸೆಟ್ಟಿಂಗ್ ಇಲ್ಲ, ಅದು ಮೊದಲನೇ ಪುಯೊ ಪುಯೊ ರೂಲು. ಕ್ಯಾನ್ಸಲ್ ಮಾಡೋದು ಬಂದಿದ್ದು 1994ರಲ್ಲಿ ಬಂದ ಎರಡನೇ ಪುಯೊ ಪುಯೊ ಗೇಮಲ್ಲಿ. ಬೀನ್ ಮಷೀನೂ ಕರ್ಬಿನೂ ಮೊದಲನೇದ್ರ ಮೇಲೆ ಕಟ್ಟಿದ್ದು, ಹಾಗಾಗಿ ಅಲ್ಲಿ ಯಾರು ಮೊದಲು ದೊಡ್ಡ ಚೈನ್ ಹೊಡೀತಾರೋ ಅವ್ರದ್ದೇ ರಾಜ್ಯ. ಐದಾರು ಚೈನ್ ಕಟ್ತೀನಿ ಅಂತ ಕೂತ್ರೆ ಅಷ್ಟರಲ್ಲಿ ಎದುರಿನವ್ರ ಕಸ ಬಂದು ನಿನ್ನ ಅರ್ಧ ಕಟ್ಟಡ ಮುಚ್ಚಿರುತ್ತೆ.

ಬಾವಿ ಇರೋದೇ ಆರು ಕಾಲಂ, ಹನ್ನೆರಡು ಸಾಲು. ಒಂದೇ ಕಾಲಂನಲ್ಲಿ ಕೆಳಗೆ ಮೂರು ನೀಲಿ, ಅದರ ಮೇಲೆ ಮೂರು ಕೆಂಪು, ನೆತ್ತಿ ಮೇಲೆ ಇನ್ನೊಂದು ನೀಲಿ ಇಟ್ಕೋ. ಪಕ್ಕದ ಕಾಲಂನಲ್ಲಿ ಬೇರೆ ಬಣ್ಣದ ಮೂರು ಬೀನ್ಸ್ ಇರ್ಲಿ, ಅದರ ಮೇಲೆ ಒಂದು ಕೆಂಪು ಬಿಟ್ರೆ ಅದು ಹೋಗಿ ಸರಿಯಾಗಿ ಆ ಮೂರು ಕೆಂಪಿಗೆ ತಾಗುತ್ತೆ, ನಾಲ್ಕೂ ಟಪ್ ಅಂತ ಹೋಗುತ್ತೆ, ನೆತ್ತಿ ಮೇಲಿದ್ದ ನೀಲಿ ಕೆಳಗಿಳಿದು ಮೂರು ನೀಲಿ ಜೊತೆ ಸೇರಿ ಅದೂ ಹೋಗುತ್ತೆ. ಎರಡು ಚೈನ್ ಆಯ್ತು. ಇದನ್ನ ಬೇಗ ಬೇಗ ಮಾಡೋದು ಕಲಿ. ಬಲಗಡೆ ಇಂದ ಕಟ್ತಾ ಬಾ, ಜೋಡಿ ಬಂದು ಇಳಿಯೋ ಎಡದಿಂದ ಮೂರನೇ ಕಾಲಂ ಮಾತ್ರ ಯಾವಾಗ್ಲೂ ಖಾಲಿ ಇಟ್ಕೋ, ಅದು ಮೇಲಿನವರೆಗೆ ತುಂಬಿದ್ರೆ ಔಟು.

ಧಾರವಾಡದ_ಮಂದಿ:
ಸಣ್ಣ ಹುಡುಗಿಗೆ ಕರ್ಬಿ ಹಚ್ರಿ. ಅಲ್ಲಿ ಕರ್ಬಿ ಭಾಳ ಬಾಯಿ ಬಡಕ ಅದಾನ, ಬೇರೆ ಗೇಮ್ದಾಗ ಪಾಪದ ಕೂಸು, ಇಲ್ಲಿ ಎದುರಿನವರನ್ನ ಮನಸಿಗೆ ಬಂದಂಗ ಬೈಯ್ತಾನ, ಹುಡುಗ್ರು ಬಿದ್ದು ಬಿದ್ದು ನಗ್ತಾವ. ನನ್ನ ಪ್ರಕಾರ ವೇಷ ಹಾಕಿದ ಎಲ್ಲಾದ್ರೊಳಗ ಇದೊಂದೇ ಆರ್ಲೆ ಜಗಳದ ರುಚಿ ಉಳಿಸಿಕೊಂಡದ. ಇಬ್ರ ಆಟದಾಗ ಒಬ್ಬೊಬ್ರು ಬೇರೆ ಬೇರೆ ಲೆವೆಲ್ ಆರಿಸ್ಕೋಬಹುದು, ಆಕೀಗೆ ಸಸಾರದ್ದು ಕೊಡ್ರಿ, ನೀವು ಕಠಿಣದ್ದು ತಗೋರಿ.

ಕ್ಯಾಸೆಟ್_ಕಾಲ:
ಕರ್ಬಿ ಹಾಕಿದೀನಿ. ಲೆವೆಲ್ ನೀವು ಹೇಳಿದಂಗೇ ಇಟ್ಟೆ, ಆದ್ರೂ ಸೋತೆ. ಮೂರನೇ ಕಾಲಂ ಖಾಲಿ ಇಟ್ಕೊಳ್ಳೋದು ಹೆಂಗಪ್ಪಾ, ನಂಗಂತೂ ಎಲ್ಲಾ ಅಲ್ಲೇ ಬಂದು ಬೀಳುತ್ತೆ.

ಸೋಮಾರಿ_ಶನಿವಾರ:
ಬಟನ್ ಒತ್ತಿ ಪಕ್ಕಕ್ಕೆ ಸರಿಸ್ಬೇಕು ಮಾರಾಯ.