ಬೇರಿನ ಕೂದಲು, ಎಲೆಯ ಕೂದಲು, ನಮ್ಮ ತಲೆಗೂದಲು: ಎಲ್ಲ ಒಂದೇನಾ?

ಒದ್ದೆಕಾಗದ:
ಮಗಳು ಒದ್ದೆ ಕಾಗದದ ಮೇಲೆ ಸಾಸಿವೆ ಮೊಳಕೆಗೆ ಇಟ್ಟಿದ್ದಳು. ಮೂರನೇ ದಿನ ಬೇರಿನ ಸುತ್ತ ಬಿಳೀ ನವಿರು ಕಾಣಿಸಿತು. ಬೂಷ್ಟು ಹಿಡಿದಿದೆ ಅಂತ ನಾನು ಎಸೆದುಬಿಟ್ಟೆ. ಅವಳು ತುಂಬಾ ಅತ್ತಳು. ಆಮೇಲೆ ಗೊತ್ತಾಯಿತು, ಅದು ಬೇರುಕೂದಲು. ಈಗ ಮತ್ತೆ ಇಟ್ಟಿದ್ದೇವೆ. ಅವಳ ಪ್ರಶ್ನೆ ಇದು: ಟೊಮೆಟೊ ದಂಟಿನ ಮೇಲೂ ಕೂದಲು, ಕಂಬಳಿಹುಳಕ್ಕೂ ಕೂದಲು, ನಮ್ಮ ತಲೆಯಲ್ಲೂ ಕೂದಲು. ಇವೆಲ್ಲ ಒಂದೇ ಜಾತಿಯವಾ?

ಹಳೇಲೆನ್ಸ್:
ಬೂಷ್ಟು ಅಂದುಕೊಳ್ಳೋದು ಸಹಜ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಸ್ವಲ್ಪ ನೀರು ಚಿಮುಕಿಸಿ ನೋಡಿ. ಬೇರುಕೂದಲಾದರೆ ಬೇರಿಗೆ ಅಂಟಿಕೊಂಡು ಕಣ್ಣಿಗೆ ಕಾಣದ ಹಾಗಾಗುತ್ತೆ.

ಎಲ್ಲ ಒಂದೇ ಅಲ್ಲ. ಆಕಾರ ನೋಡಿ ನಾವು ಕೂದಲು ಅಂತೀವಿ, ಅಷ್ಟೇ. ಬೇರುಕೂದಲು ಅಂದರೆ ಬೇರಿನ ಹೊರಪದರದ ಒಂದೇ ಒಂದು ಜೀವಕೋಶ ಉದ್ದಕ್ಕೆ ಚಾಚಿಕೊಂಡಿರೋದು. ಅದು ಪೂರ್ತಿ ಜೀವಂತ. ನಮ್ಮ ತಲೆಗೂದಲು ಹಾಗಲ್ಲ. ಕೆರಾಟಿನ್ ಅನ್ನೋ ಪ್ರೋಟೀನ್ ತುಂಬಿದ ಸತ್ತ ಕೋಶಗಳು ಒತ್ತಾಗಿ ಸೇರಿರೋದು, ಜೀವ ಇರೋದು ಬುಡದಲ್ಲಿ ಮಾತ್ರ. ಕಂಬಳಿಹುಳದ ಕೂದಲು ಅದರ ಹೊರಕವಚದಲ್ಲಿರೋ ಗಟ್ಟಿ ವಸ್ತು ಕೈಟಿನ್‌ನದು. ಟೊಮೆಟೊ ದಂಟನ್ನು ಮೆಲ್ಲಗೆ ಸವರಿ ಬೆರಳು ಮೂಸಿ ನೋಡಿ. ಆ ಘಾಟು ಬರೋದು ಕೆಲವು ಕೂದಲ ತುದಿಯಲ್ಲಿರೋ ಪುಟ್ಟ ಗ್ರಂಥಿಗಳಿಂದ. ಮುಟ್ಟಿದರೆ ಸಾಕು, ಒಡೆದು ಅಂಟುರಸ ಬರುತ್ತೆ. ಸಣ್ಣ ಹುಳಗಳ ಕಾಲು ಆ ಅಂಟಿಗೆ ಸಿಕ್ಕಿಕೊಳ್ಳುತ್ತೆ.

ನನಗೆ ಇವುಗಳಲ್ಲಿ ಬೇರುಕೂದಲಿನ ಮೇಲೇ ಜಾಸ್ತಿ ಪ್ರೀತಿ. 1937ರಲ್ಲಿ ಡಿಟ್ಮರ್ ಅನ್ನೋ ವಿಜ್ಞಾನಿ ಗೋಧಿಯಂಥ ಧಾನ್ಯದ ಬೆಳೆಯಾದ ರೈಯ ಒಂದೇ ಒಂದು ಗಿಡದ ಬೇರನ್ನು ತೊಳೆದು, ಅಳೆದು, ಲೆಕ್ಕ ಹಾಕಿದರು. ಸುಮಾರು 1,400 ಕೋಟಿ ಬೇರುಕೂದಲು! ಒಂದರ ತುದಿಗೆ ಒಂದು ಜೋಡಿಸಿದರೆ 10,000 ಕಿಲೋಮೀಟರಿಗೂ ಜಾಸ್ತಿ. ಮಣ್ಣಿನ ಕಣಗಳ ಸಂದಿಯಲ್ಲಿರೋ ನೀರಿನ ಪಸೆಯನ್ನು ಮುಟ್ಟಬೇಕಲ್ವಾ, ಅದಕ್ಕೇ ಅಷ್ಟು ತೆಳು, ಅಷ್ಟೊಂದು. ಸಸಿ ಕಿತ್ತು ಬೇರೆ ಕಡೆ ನೆಟ್ಟಾಗ ಬಾಡೋದು ಯಾಕೆ ಅಂದರೆ, ಇವು ಹರಿದುಹೋಗಿರುತ್ತವೆ. ಸಾಧ್ಯವಾದಷ್ಟು ಮಣ್ಣಿನ ಸಮೇತ ಎತ್ತಿ ಅನ್ನೋದು ಅದಕ್ಕೇ.

ಎರಡನೇಉಸಿರು:
ಒಂದು ಮಾತು ಸೇರಿಸಬೇಕು. ಎಲ್ಲವೂ ಬೇರೆ ಬೇರೆ ಅಂತ ಮಗು ತಿಳಿದುಕೊಳ್ಳಬಾರದು. ನಿಂತ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ ಸಿಗಬಹುದು. ಅದರ ಮೈತುಂಬ ಸಿಲಿಯಾ, ಅಂದರೆ ಬಡಿಯುತ್ತಿರುವ ಕೂದಲಿನಂಥ ಪುಟ್ಟ ಎಳೆಗಳು. ಪಠ್ಯಪುಸ್ತಕದಲ್ಲಿ ಲೋಮಾಂಗ ಅಂತಾರೆ. ಅಂಥದ್ದೇ ಸಿಲಿಯಾ ನಮ್ಮ ಶ್ವಾಸನಾಳದ ಒಳಗೋಡೆಯಲ್ಲೂ ಇವೆ. ಅಡ್ಡ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡರಲ್ಲೂ ಒಂದೇ ನಕ್ಷೆ: ಸುತ್ತ 9 ಜೋಡಿ ನಳಿಕೆ, ನಡುವೆ 2. ಇವು ನಿಜವಾದ ನೆಂಟರು. ಬ್ಯಾಕ್ಟೀರಿಯಾದ ಬಾಲ ಮಾತ್ರ ಈ ಮನೆತನದ್ದಲ್ಲ. ಅದು ಬುಡದಲ್ಲೇ ಗಿರಗಿರ ತಿರುಗುತ್ತೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನನ್ನ ತಮ್ಮನಿಗೆ ಹುಟ್ಟಿನಿಂದ ಸಿಲಿಯಾ ಸರಿಯಾಗಿ ಬಡಿಯುವುದಿಲ್ಲ. ನಮ್ಮಲ್ಲಿ ಅವು ಸೆಕೆಂಡಿಗೆ ಹತ್ತು ಸಲಕ್ಕಿಂತ ಜಾಸ್ತಿ ಬಡಿದು ಕಫವನ್ನು ಗಂಟಲಿಗೆ ತಳ್ಳುತ್ತವೆ. ಅವನಿಗೆ ಆ ಕೆಲಸ ಕೆಮ್ಮೇ ಮಾಡಬೇಕು. ದಿನಾ ಬೆಳಿಗ್ಗೆ ಮಗ್ಗುಲಾಗಿ ಮಲಗಿಸಿ, ಬೊಗಸೆ ಮಾಡಿದ ಅಂಗೈಯಿಂದ ಬೆನ್ನು ತಟ್ಟುತ್ತಿದ್ದೆವು. ಅವನ ಹೃದಯವೂ ಬಲಗಡೆ ಇದೆ. ಭ್ರೂಣದಲ್ಲಿ ಎಡ ಯಾವುದು, ಬಲ ಯಾವುದು ಅಂತ ತೀರ್ಮಾನವಾಗುವಾಗಲೂ ಸಿಲಿಯಾ ಬಡಿಯಬೇಕು ಅಂತ ಆಗಲೇ ನನಗೆ ತಿಳಿದದ್ದು.

ಒದ್ದೆಕಾಗದ:
ಇಬ್ಬರಿಗೂ ಧನ್ಯವಾದ. ತಮ್ಮ ಈಗ ಹೇಗಿದ್ದಾರೆ? ಲೆನ್ಸ್ ಹಿಡಿದು ನೋಡಿದೆವು, ಬೇರಿನ ತುದಿಯಲ್ಲಿ ಕೂದಲೇ ಇಲ್ಲ. ಸ್ವಲ್ಪ ಹಿಂದಿನಿಂದ ಶುರು. ಯಾಕೆ ಅಂತ ಕೇಳುತ್ತಿದ್ದಾಳೆ.

ಎರಡನೇಉಸಿರು:
ಚೆನ್ನಾಗಿದ್ದಾನೆ. ಈಗ ಅವನೇ ತಟ್ಟಿಕೊಳ್ಳುತ್ತಾನೆ.

ಹಳೇಲೆನ್ಸ್:
ಒಳ್ಳೇ ಕಣ್ಣು ಅವಳದು! ತುದಿ ಇನ್ನೂ ಉದ್ದವಾಗುತ್ತಾ ಮಣ್ಣನ್ನು ಸೀಳಿಕೊಂಡು ಹೋಗುತ್ತಿರುತ್ತೆ. ಅಲ್ಲೇ ಕೂದಲು ಬಂದರೆ ಮಣ್ಣಿಗೆ ಉಜ್ಜಿ ಕಿತ್ತುಹೋಗುತ್ತೆ. ಉದ್ದವಾಗೋದು ನಿಂತ ಜಾಗದಲ್ಲಿ ಮಾತ್ರ ಕೂದಲು ಹುಟ್ಟುತ್ತೆ. ಇವತ್ತು ಬೇರಿನ ಪಕ್ಕ ಕಾಗದದ ಮೇಲೆ ಪೆನ್ಸಿಲ್ ಗುರುತು ಹಾಕಿಡಲಿ. ನಾಳೆ ನೋಡಿದರೆ, ಇವತ್ತು ತುದಿ ಇದ್ದ ಜಾಗದಲ್ಲಿ ಕೂದಲು ಬಂದಿರಬಹುದು.