ಕ್ಲಿನಿಕ್ಕಿನ ಒಪ್ಪಿಗೆ ಫಾರಂ: ‘ಗೌಪ್ಯತೆ’, ‘ದಾಖಲೆ’, ‘ಮನೆಯವರು’ ಇವುಗಳ ಬಳಕೆ ಹೇಗೆ?

ಪ್ರಶ್ನೆ:

ಮಾನ್ಯರೆ,

ಬೆಂಗಳೂರಿನ ವಿಜಯನಗರದಲ್ಲಿ ಇಬ್ಬರು ವೈದ್ಯರಿರುವ ಒಂದು ಸಣ್ಣ ಕ್ಲಿನಿಕ್ಕಿಗೆ ಕನ್ನಡದಲ್ಲಿ ಒಪ್ಪಿಗೆ ಫಾರಂ ಸಿದ್ಧವಾಗಬೇಕಿದೆ. ರೋಗಿಯ ವಿಷಯವನ್ನು ಯಾರಿಗೆ ಹೇಳಬಹುದು, ರಿಪೋರ್ಟನ್ನು ಯಾವ ನಂಬರಿಗೆ ಕಳಿಸಬಹುದು, ಫೈಲನ್ನು ಎಷ್ಟು ಕಾಲ ಇಡುತ್ತೇವೆ ಎಂಬ ಮೂರು ಸಂಗತಿಗಳು ಅದರಲ್ಲಿ ಬರಬೇಕು. ಇಂಗ್ಲಿಷ್ ಫಾರಮ್ಮಿನಿಂದ ಮಾಡಿಸಿದ ಕರಡಿನ ಮೊದಲ ಸಾಲು ಹೀಗಿದೆ: ‘ನನ್ನ ವೈಯಕ್ತಿಕ ಆರೋಗ್ಯ ದತ್ತಾಂಶದ ಸಂಗ್ರಹಣೆ, ಸಂಸ್ಕರಣೆ ಹಾಗೂ ಬಹಿರಂಗಪಡಿಸುವಿಕೆಗೆ ನಾನು ಈ ಮೂಲಕ ತಿಳಿವಳಿಕೆಯುಕ್ತ ಸಮ್ಮತಿಯನ್ನು ನೀಡುತ್ತೇನೆ.’ ವ್ಯಾಕರಣದ ತಪ್ಪಿಲ್ಲ. ಆದರೆ ಕೌಂಟರಿನಲ್ಲಿ ಓದಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಗೌಪ್ಯತೆ ಎನ್ನಬೇಕೋ, ಖಾಸಗಿತನ ಎನ್ನಬೇಕೋ? ಸಮ್ಮತಿ, ಒಪ್ಪಿಗೆ, ಅನುಮತಿ ಇವುಗಳಲ್ಲಿ ಯಾವುದು ಸರಿ? ದಾಖಲೆಗೂ ದಾಖಲಾತಿಗೂ ವ್ಯತ್ಯಾಸವೇನು? ‘ಮನೆಯವರಿಗೆ ತಿಳಿಸಬಹುದು’ ಎಂಬ ಸಾಲು ಸಾಕೇ?

ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಮನೆಯವರಿಗೆ ತಿಳಿಸಬಹುದು’ ಎಂಬ ಸಾಲು ಸಾಲದು. ಅಷ್ಟೇ ಅಲ್ಲ, ಅದರಿಂದ ಕೆಡುಕಾಗುತ್ತದೆ. ಬೆಂಗಳೂರು, ಮಂಡ್ಯ, ತುಮಕೂರಿನ ಕಡೆ ಮದುವೆಯಾದ ಹೆಂಗಸರು ‘ನಮ್ಮನೆಯವರು’ ಎಂದರೆ ಗಂಡ. ಅದೇ ಮಾತನ್ನು ಕಾಲೇಜಿಗೆ ಹೋಗುವ ಹುಡುಗ ಹೇಳಿದರೆ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ. ‘ಯಜಮಾನರು’ ಎಂಬ ಪದಕ್ಕೂ ಗಂಡ, ಮನೆಯ ಹಿರಿಯ, ಕೆಲಸ ಕೊಟ್ಟ ಮಾಲೀಕ ಎಂಬ ಮೂರು ಅರ್ಥಗಳಿವೆ. ಗಂಡನಿಗಷ್ಟೇ ಎಂದುಕೊಂಡು ಸಹಿ ಹಾಕಿದವಳ ಪರೀಕ್ಷೆಯ ಫಲಿತಾಂಶವನ್ನು ಫೋನೆತ್ತಿದ ಅತ್ತೆಗೆ ಹೇಳಿದರೆ, ಫಾರಂ ನೋಡಿದವರಿಗೆ ತಪ್ಪು ಕಾಣುವುದಿಲ್ಲ. ಆದರೆ ಆ ಹೆಣ್ಣುಮಗಳು ಒಪ್ಪಿದ್ದೇ ಬೇರೆ. ‘ರೋಗಿ ಕಡೆಯವರು’ ಎಂಬುದೂ ಹಾಗೆಯೇ. ‘ಲಕ್ಷ್ಮಮ್ಮ ಕಡೆಯವರು ಯಾರು?’ ಎಂದು ಕೂಗಿದಾಗ ಎದ್ದು ಬರುವವರು ಪಕ್ಕದ ಮನೆಯವರೂ ಆಗಿರಬಹುದು, ಆಟೋದಲ್ಲಿ ಕರೆತಂದವರೂ ಆಗಿರಬಹುದು. ಕೂಗುವುದಕ್ಕೆ ಒಳ್ಳೆಯ ಪದ, ಫಾರಮ್ಮಿಗೆ ಬೇಡ.

ಆದ್ದರಿಂದ ಹೆಸರನ್ನೇ ಬರೆಸಿ. ಸಾಲು ಹೀಗಿರಲಿ: ‘ನನ್ನ ಕಾಯಿಲೆ, ಚಿಕಿತ್ಸೆಯ ವಿಷಯವನ್ನು ಇವರಿಗೆ ಹೇಳಬಹುದು. ಹೆಸರು: ______ ಇವರು ನನಗೆ ಏನಾಗಬೇಕು: ______ ಫೋನ್: ______.’ ಇಲ್ಲಿ ‘ಸಂಬಂಧ’ ಎಂದು ಮುದ್ರಿಸಿದರೆ ‘ಹತ್ತಿರದವರು’ ಎಂದು ಬರೆದು ಮುಗಿಸುತ್ತಾರೆ. ‘ಏನಾಗಬೇಕು’ ಎಂದು ಕೇಳಿದರೆ ನಾದಿನಿ, ಸೋದರಮಾವ, ಷಡ್ಡಕ ಎಂದು ಖಚಿತವಾದ ಉತ್ತರ ಬರುತ್ತದೆ. ಅದರ ಕೆಳಗೆ ಏನೇನು ಹೇಳಬಹುದು ಎಂದು ಮೂರು ಚೌಕಗಳಿರಲಿ: ಮುಂದೆ ಬರಬೇಕಾದ ದಿನ ಮತ್ತು ಹೊತ್ತು ಮಾತ್ರ, ರಿಪೋರ್ಟು ಮತ್ತು ಔಷಧಿ ಚೀಟಿ, ಎಲ್ಲವೂ. ಆಮೇಲೆ ಇನ್ನೊಂದು ಸಾಲು ಕಡ್ಡಾಯವಾಗಿ ಬೇಕು: ‘ಇವರಿಗೆ ಹೇಳಬಾರದು: ______.’ ತಾನಾಗಿ ಹೇಳಲು ಹಿಂಜರಿಯುವವರು ಸಾಲು ಕಂಡರೆ ಬರೆಯುತ್ತಾರೆ. ಜೊತೆಗೆ ಬಂದವರ ಎದುರೇ ಈ ಸಾಲನ್ನು ಗಟ್ಟಿಯಾಗಿ ಓದಿಸಬಾರದು. ಫಾರಂ ತುಂಬಿಸುವಷ್ಟು ಹೊತ್ತು ರೋಗಿಯೊಬ್ಬರನ್ನೇ ಒಳಗೆ ಕೂರಿಸಿಕೊಳ್ಳಿ.

ವಾಟ್ಸಾಪ್ ಸಾಲಿನಲ್ಲಿ ‘ಮೊಬೈಲ್ ಸಂಖ್ಯೆ’ ಎಂದಷ್ಟೇ ಕೇಳಿದರೆ ಮನೆಯಲ್ಲಿ ಯಾರ ಫೋನಿದೆಯೋ ಅದನ್ನು ಕೊಡುತ್ತಾರೆ. ಒಂದೇ ನಂಬರಿನಲ್ಲಿ ಅಜ್ಜಿ, ಸೊಸೆ, ಮೊಮ್ಮಗ ಮೂವರ ಫೈಲೂ ಇರುವುದು ಸಾಮಾನ್ಯ. ‘ರಿಪೋರ್ಟು ಕಳಿಸಬೇಕಾದ ನಂಬರು: ______ ಈ ಫೋನ್ ಯಾರ ಕೈಯಲ್ಲಿರುತ್ತದೆ: ______’ ಎಂದು ಕೇಳಿ. ಎರಡನೆಯ ಖಾಲಿ ಜಾಗದಲ್ಲಿ ರೋಗಿಯ ಹೆಸರಿಲ್ಲದಿದ್ದರೆ ಆ ನಂಬರಿಗೆ ‘ರಿಪೋರ್ಟು ಬಂದಿದೆ, ಕ್ಲಿನಿಕ್ಕಿಗೆ ಬಂದು ತೆಗೆದುಕೊಳ್ಳಿ’ ಎಂದಷ್ಟೇ ಹೋಗಬೇಕು. ಯಾವ ಪರೀಕ್ಷೆಯ ರಿಪೋರ್ಟು ಎಂಬುದು ಆ ಸಂದೇಶದಲ್ಲಿ ಬರಬಾರದು.

ಇನ್ನು ಗೌಪ್ಯತೆ, ಖಾಸಗಿತನ. ಇವು ಒಂದೇ ಅಲ್ಲ. ಖಾಸಗಿತನ ರೋಗಿಯದು, ಅದು ಹಕ್ಕು. ಗೌಪ್ಯತೆ ಕಾಪಾಡುವುದು ವೈದ್ಯರ ಮತ್ತು ಕ್ಲಿನಿಕ್ಕಿನ ಸಿಬ್ಬಂದಿಯ ಹೊಣೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಮೂಲಭೂತ ಹಕ್ಕು ಎಂದು ಎತ್ತಿಹಿಡಿದದ್ದು ಖಾಸಗಿತನವನ್ನು. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುವುದು ರೋಗಿಯ ಗುಟ್ಟನ್ನು ವೈದ್ಯರು ಹೊರಗೆ ಹಾಕಬಾರದು ಎಂದು. ನ್ಯಾಯಾಧೀಶರ ಆದೇಶವಿದ್ದಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಿದ್ದಾಗ ಮಾತ್ರ ವಿನಾಯಿತಿ. ಕ್ಷಯ ಅಂಥ ಕಾಯಿಲೆ. ಖಾಸಗಿ ಕ್ಲಿನಿಕ್ಕಿಗೆ ಬಂದರೂ ಕ್ಷಯರೋಗಿಗಳ ವಿವರ ದಾಖಲಿಸುವ ಸರ್ಕಾರದ ಜಾಲತಾಣ ನಿಕ್ಷಯ್‌ನಲ್ಲಿ ನಮೂದಾಗಬೇಕು. ಅದನ್ನು ರೋಗಿಗೆ ಫಾರಮ್ಮಿನಲ್ಲಿಯೇ ಮುಂಚೆ ಹೇಳಿಬಿಡುವುದು ನ್ಯಾಯ.

ಆದರೆ ಫಾರಮ್ಮಿನ ತಲೆಬರಹದಲ್ಲಿ ಈ ಎರಡು ಪದಗಳೂ ಬೇಡ ಎಂಬುದು ನನ್ನ ಅಭಿಪ್ರಾಯ. ‘ಖಾಸಗಿ’ ಎಂದ ಕೂಡಲೇ ನೆನಪಾಗುವುದು ಖಾಸಗಿ ಆಸ್ಪತ್ರೆ, ಖಾಸಗಿ ಬಸ್ಸು. ‘ಖಾಸಗಿ ದಾಖಲೆ’ ಎಂದರೆ ಸರ್ಕಾರದ್ದಲ್ಲದ ದಾಖಲೆ ಎಂದು ತಿಳಿಯುವವರೇ ಬಹಳ. ‘ಗೌಪ್ಯ’ ಎಂಬುದಕ್ಕೆ ಪೊಲೀಸು, ಚುನಾವಣೆಯ ಛಾಯೆ ಅಂಟಿದೆ. ‘ರಹಸ್ಯ’ ಹೆದರಿಸುತ್ತದೆ. ‘ನಿಮ್ಮ ಆರೋಗ್ಯದ ವಿಷಯವನ್ನು ನಾವು ಯಾರಿಗೆ ಹೇಳುತ್ತೇವೆ, ಯಾರಿಗೆ ಹೇಳುವುದಿಲ್ಲ’ ಎಂಬುದೇ ತಲೆಬರಹವಾಗಲಿ. ಉದ್ದವಾಯಿತು, ನಿಜ, ಆದರೆ ಮತ್ತೆ ವಿವರಿಸಬೇಕಿಲ್ಲ. ಸಿಬ್ಬಂದಿ ಸಹಿ ಹಾಕುವ ಕಾಗದದಲ್ಲಿ ಮಾತ್ರ ‘ಗೌಪ್ಯತೆ’ ಇರಲಿ. (ಸಂಸ್ಕೃತದ ರೂಪ ‘ಗೋಪ್ಯ’. ಕನ್ನಡದಲ್ಲಿ ‘ಗೌಪ್ಯ’ ಬೇರೂರಿದೆ, ತಿದ್ದುವ ಅಗತ್ಯವಿಲ್ಲ.)

ಅನುಮತಿ ಮೇಲಿನವರು ಕೊಡುವಂಥದ್ದು. ಒಪ್ಪಂದ ಇಬ್ಬರ ನಡುವಿನ ಕರಾರು. ಸಮ್ಮತಿ ಮತ್ತು ಒಪ್ಪಿಗೆ ಅರ್ಥದಲ್ಲಿ ಒಂದೇ, ಕೌಂಟರಿನಲ್ಲಿ ಬಾಯಿಗೆ ಬರುವುದು ಒಪ್ಪಿಗೆ. ‘ತಿಳಿವಳಿಕೆಯುಕ್ತ ಸಮ್ಮತಿ’ ಎಂದರೆ ತಿಳಿವಳಿಕೆಯುಳ್ಳವರ ಸಮ್ಮತಿ ಎಂದು ಓದಿಕೊಳ್ಳುತ್ತದೆ. ‘ವಿಷಯ ತಿಳಿದು ಕೊಟ್ಟ ಒಪ್ಪಿಗೆ’ ಎನ್ನಿ. ‘ಸಂಸ್ಕರಣೆ’ಯನ್ನೂ ಬಿಡಿ. ಓದುವವರಿಗೆ ಅದು ಆಹಾರ ಸಂಸ್ಕರಣೆ, ವಯಸ್ಸಾದವರ ಕಿವಿಗೆ ಇನ್ನೂ ಕೆಟ್ಟದಾಗಿ ಕೇಳಬಹುದು. ನೀವು ನಿಜವಾಗಿ ಏನು ಮಾಡುತ್ತೀರೋ ಅದನ್ನು ಕ್ರಿಯಾಪದದಲ್ಲಿ ಹೇಳಿ:

‘ನನ್ನ ಹೆಸರು, ವಯಸ್ಸು, ಕಾಯಿಲೆ, ಪರೀಕ್ಷೆಯ ಫಲಿತಾಂಶ ಮತ್ತು ಔಷಧಿಯ ವಿವರವನ್ನು ಈ ಕ್ಲಿನಿಕ್ಕಿನವರು ನನ್ನ ಚಿಕಿತ್ಸೆಗಾಗಿ ಬರೆದಿಟ್ಟುಕೊಳ್ಳಲು, ಕಂಪ್ಯೂಟರಿನಲ್ಲಿ ಇಡಲು, ರಕ್ತಪರೀಕ್ಷೆಯ ಲ್ಯಾಬಿಗೆ ಕಳಿಸಲು ಒಪ್ಪಿದ್ದೇನೆ. ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು ಎಂದು ನನಗೆ ತಿಳಿಸಿದ್ದಾರೆ.’

ಕ್ರಿಯಾಪದವಾದಾಗ ಯಾರು, ಏನನ್ನು, ಯಾತಕ್ಕೆ ಎಂಬ ಮೂರೂ ಬರಲೇಬೇಕಾಗುತ್ತದೆ. ‘ಬಹಿರಂಗಪಡಿಸುವಿಕೆಗೆ’ ಎಂಬ ನಾಮಪದದಲ್ಲಿ ಯಾರಿಗೆ ಎಂಬುದೇ ಮಾಯವಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಬಯಸುವುದೂ ಇದನ್ನೇ: ಯಾವ ಉದ್ದೇಶಕ್ಕೆ ಎಂಬುದು ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಒಪ್ಪಿಗೆಯ ಕೋರಿಕೆಯನ್ನು ಓದುವ ಅವಕಾಶವಿರಬೇಕು. ಕನ್ನಡ ಆ 22 ಭಾಷೆಗಳಲ್ಲಿ ಒಂದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ. ಕೈಬರಹದ ರಿಜಿಸ್ಟರು ತಾನಾಗಿ ಈ ಕಾಯ್ದೆಗೆ ಒಳಪಡುವುದಿಲ್ಲ. ಅದರ ಪುಟವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ, ಫೋಟೋ ತೆಗೆದು ಲ್ಯಾಬಿಗೆ ಕಳಿಸಿದರೆ ಒಳಪಡುತ್ತದೆ.

ಎಚ್‌ಐವಿ ವಿಷಯವನ್ನು ಈ ಸಾಮಾನ್ಯ ಒಪ್ಪಿಗೆಯ ಒಳಗೆ ಸೇರಿಸಬೇಡಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಪರೀಕ್ಷೆಗೂ ಒಪ್ಪಿಗೆ ಬೇಕು, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವುದಕ್ಕೆ ಲಿಖಿತ ಒಪ್ಪಿಗೆಯೇ ಬೇಕು. ಫೈಲಿನ ಹೊರ ರಟ್ಟಿನ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕುವುದೂ ಹೇಳಿದಂತೆಯೇ.

ದಾಖಲೆ, ದಾಖಲಾತಿ: ‘ದಾಖಲಾತಿ’ ಎಂದರೆ ಸೇರ್ಪಡೆ. ಶಾಲೆಗೆ ದಾಖಲಾತಿ, ಆಸ್ಪತ್ರೆಗೆ ದಾಖಲಾಗುವುದು. ‘ನನ್ನ ವೈದ್ಯಕೀಯ ದಾಖಲಾತಿಯನ್ನು ನೀಡಿ’ ಎಂಬುದು ತಪ್ಪು ಬಳಕೆ. ‘ದಾಖಲೆ’ ಸರಿಯಾದ ಪದವೇ, ಆದರೆ ಕೌಂಟರಿನಲ್ಲಿ ‘ದಾಖಲೆ ತನ್ನಿ’ ಎಂದರೆ ಜನ ಆಧಾರ್, ರೇಷನ್ ಕಾರ್ಡು ತರುತ್ತಾರೆ. ಹಾಗಾಗಿ ಮೊದಲ ಸಲ ‘ಚಿಕಿತ್ಸೆಯ ದಾಖಲೆ (ಫೈಲು, ರಿಪೋರ್ಟು, ಚೀಟಿ, ಎಕ್ಸ್‌ರೇ)’ ಎಂದು ಬಿಡಿಸಿ ಬರೆದು, ಆಮೇಲೆ ‘ದಾಖಲೆ’ ಎಂದರೆ ಸಾಕು. ‘ಕಡತ’ ಸರ್ಕಾರಿ ಕಚೇರಿಯ ಮಾತು. ‘ನಮೂನೆ’ಯೂ ಕ್ಲಿನಿಕ್ಕಿನಲ್ಲಿ ತೊಡಕು, ಲ್ಯಾಬಿನವರು ರಕ್ತದ ಮಾದರಿಗೂ ಅದನ್ನೇ ಬಳಸುವುದುಂಟು. ‘ಫಾರಂ’ ಎಲ್ಲರಿಗೂ ಗೊತ್ತು. ‘ನಕಲು’ ಬದಲು ‘ಪ್ರತಿ’ ಎನ್ನಿ, ‘ನಕಲಿ’ಯ ನೆರಳು ಅದರ ಮೇಲೆ ಬೀಳುವುದಿಲ್ಲ. ರೋಗಿಯೋ ಅವರು ಅಧಿಕಾರ ಕೊಟ್ಟವರೋ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ನಿಯಮಾವಳಿಯಲ್ಲಿದೆ. ಅರ್ಜಿ ಬಂದ ದಿನದ ಜೊತೆಗೆ ಗಂಟೆಯನ್ನೂ ಬರೆದು ಸ್ವೀಕೃತಿ ಕೊಡಿ. ಗಂಟೆ ಬರೆಯದಿದ್ದರೆ 72ರ ಲೆಕ್ಕ ಶುರುವಾಗುವುದೆಲ್ಲಿಂದ ಎಂಬ ಜಗಳ ಬರುತ್ತದೆ.

ಇಡುವ ಕಾಲದ ಬಗ್ಗೆ: ಅದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಲು ಹೇಳುತ್ತದೆ. ಗರ್ಭಿಣಿಯರ ಸ್ಕ್ಯಾನಿಂಗ್ ಇದ್ದರೆ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಸ್ಕ್ಯಾನಿಗಾಗಿ ತುಂಬುವ ಫಾರಂ ಎಫ್ ಮುಂತಾದವನ್ನು 2 ವರ್ಷ, ಪ್ರಕರಣ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ. ಇಲ್ಲಿ ಎಚ್ಚರವಿರಬೇಕಾದ ಪದ ‘ವಿಲೇವಾರಿ’. ಕಚೇರಿ ಕನ್ನಡದಲ್ಲಿ ಅರ್ಜಿ ವಿಲೇವಾರಿಯಾಯಿತು ಎಂದರೆ ತೀರ್ಮಾನವಾಯಿತು ಎಂದರ್ಥ. ಬೆಂಗಳೂರಿನ ಬೀದಿಯಲ್ಲಿ ವಿಲೇವಾರಿ ಎಂದರೆ ಕಸದ್ದು. ‘ಅವಧಿ ಮುಗಿದ ಫೈಲುಗಳನ್ನು ವಿಲೇವಾರಿ ಮಾಡಿ’ ಎಂದು ಬರೆದಿಟ್ಟರೆ ಅವು ಕಟ್ಟುಕಟ್ಟಾಗಿ ಗುಜರಿ ಅಂಗಡಿಗೆ ಹೋಗುತ್ತವೆ, ಹೆಸರು, ಫೋನ್ ನಂಬರು, ಕಾಯಿಲೆ ಸಮೇತ. ‘ಚೂರು ಮಾಡಿ ನಾಶಪಡಿಸಬೇಕು’ ಎಂದು ಬರೆಯಿರಿ. ಉದ್ದುದ್ದ ಪಟ್ಟಿಯಾಗಿ ಕತ್ತರಿಸುವ ಷ್ರೆಡರಿನಲ್ಲಿ ಒಂದು ಸಾಲಿನ ಹೆಸರು ಹಾಗೇ ಉಳಿಯಬಹುದು, ಅಡ್ಡಕ್ಕೂ ಕತ್ತರಿಸುವಂಥದ್ದು ಬೇಕು. ಯಾವ ಫೈಲು, ಯಾವ ದಿನ, ಯಾರ ಎದುರು ನಾಶವಾಯಿತು ಎಂದು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಅದರಲ್ಲಿ ಕಾಯಿಲೆಯ ಹೆಸರು ಬೇಡ.

ಕೌಂಟರಿನ ಟೋಕನ್ ಪುಸ್ತಕದಲ್ಲಿಯೂ ‘ಕಾಯಿಲೆ’ ಎಂಬ ಕಾಲಂ ಇದ್ದರೆ ತೆಗೆಸಿ. ಮುಂದಿನವರು ಹೆಸರು ಬರೆಯುವಾಗ ಹಿಂದಿನವರದ್ದೆಲ್ಲ ಓದುತ್ತಾರೆ.

ಮರುಪ್ರಶ್ನೆ:

ಬಹಳ ಉಪಯೋಗವಾಯಿತು ಸರ್. ಇನ್ನೆರಡು ಸಂಶಯ. ಮಕ್ಕಳ ಫಾರಮ್ಮಿನಲ್ಲಿ ‘ಪೋಷಕರು’ ಸಾಕೇ? ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿದಾಗ ಏನು ಬರೆಯಬೇಕು?

ಉತ್ತರ:

ನಮ್ಮ ಶಾಲೆಗಳಲ್ಲಿ ‘ಪೋಷಕರ ಸಭೆ’ ಎಂದರೆ ಅಪ್ಪ ಅಮ್ಮಂದಿರದು. ಉತ್ತರ ಕರ್ನಾಟಕದಲ್ಲಿ ಅವರನ್ನೇ ‘ಪಾಲಕರು’ ಎನ್ನುತ್ತಾರೆ. ಕಾನೂನಿನ ಕನ್ನಡದಲ್ಲಿ ಪಾಲಕ ಎಂದರೆ ತಂದೆ ತಾಯಿ ಅಲ್ಲದೆಯೂ ಮಗುವಿನ ಹೊಣೆ ಹೊತ್ತವರು. ಬೆಂಗಳೂರಿನಲ್ಲಿ ಎರಡೂ ಕಡೆಯವರು ಬರುವುದರಿಂದ ‘ತಂದೆ / ತಾಯಿ / ಕಾನೂನು ಪ್ರಕಾರ ಪಾಲಕರು (ಒಂದಕ್ಕೆ ಗುರುತು ಹಾಕಿ)’ ಎಂದೇ ಮುದ್ರಿಸಿ. 18 ತುಂಬದವರೆಲ್ಲರಿಗೂ ಇದು ಬೇಕು. ಮಗುವನ್ನು ಕರೆತರುವ ಅಜ್ಜಿ ಈ ಮೂರರಲ್ಲಿ ಬರುವುದಿಲ್ಲ, ಅವರ ಹೆಸರನ್ನು ತಂದೆ ಅಥವಾ ತಾಯಿಯಿಂದ ‘ಇವರಿಗೆ ಹೇಳಬಹುದು’ ಎಂಬ ಸಾಲಿನಲ್ಲಿ ಬರೆಸಿಕೊಳ್ಳಿ. ಜೀವಕ್ಕೆ ಅಪಾಯವಿರುವಾಗ ಸಹಿಗಾಗಿ ಕಾಯುವ ಮಾತೇ ಇಲ್ಲ, ಚಿಕಿತ್ಸೆ ಮೊದಲು.

ಹೆಬ್ಬೆಟ್ಟಿಗೆ: ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಯಾವ ಕೈ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಶಾಯಿ ಹೆಚ್ಚಾದರೆ ಗೆರೆಗಳು ತುಂಬಿಹೋಗಿ ಬರೀ ಕಪ್ಪು ಚುಕ್ಕೆ ಉಳಿಯುತ್ತದೆ, ಪ್ಯಾಡಿಗೆ ಒಮ್ಮೆ ಮುಟ್ಟಿಸಿದರೆ ಸಾಕು. ಹಳೆಯ ಕ್ರಯಪತ್ರಗಳಲ್ಲಿ ‘ಬಿಕ್ಕಲಂ’ ಎಂದು ಪತ್ರ ಬರೆದವರ ಹೆಸರು ಇರುತ್ತಿತ್ತು, ‘ಓದಿಸಿ ಕೇಳಿ ಒಪ್ಪಿದ್ದೇನೆ’ ಎಂಬ ಮಾತೂ ಇರುತ್ತಿತ್ತು. ಆ ಪದ್ಧತಿ ಇಲ್ಲಿಗೆ ಹೇಳಿ ಮಾಡಿಸಿದಂತಿದೆ: ‘ಈ ಫಾರಮ್ಮನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ಕೇಳಿ ಒಪ್ಪಿದ್ದೇನೆ. ಓದಿ ಹೇಳಿದವರು: ______ ಸಾಕ್ಷಿ: ______ ದಿನಾಂಕ, ಸಮಯ: ______.’ ಓದಿ ಹೇಳಿದವರೇ ಸಾಕ್ಷಿಯೂ ಆಗಬಾರದು, ಸಾಧ್ಯವಾದರೆ ಸಾಕ್ಷಿ ಕ್ಲಿನಿಕ್ಕಿನ ಸಿಬ್ಬಂದಿಯೂ ಆಗಿರಬಾರದು. ತಮಿಳಿನಲ್ಲೋ ಉರ್ದುವಿನಲ್ಲೋ ತೆಲುಗಿನಲ್ಲೋ ಹೇಳಿದ್ದರೆ ‘ಕನ್ನಡದಲ್ಲಿ’ ಎಂಬುದನ್ನು ಹೊಡೆದು ಆ ಭಾಷೆಯ ಹೆಸರು ಬರೆಯಿರಿ. ಹೊಡೆದ ಕಡೆ ಓದಿ ಹೇಳಿದವರು ಚಿಕ್ಕ ಸಹಿ ಹಾಕಲಿ. ಒಂದು ಪ್ರತಿ ರೋಗಿಯ ಕೈಗೆ ಹೋಗಬೇಕು.